ಏಳನೇ ಹಾಳೆಯ ಸೇತುವೆ

ಉಗುರಿನ ಸಂದಿಯಲ್ಲಿ ಉಳಿದ ಕೆಸರು ಭಾನುವಾರದ್ದು, ಇವತ್ತು ಗುರುವಾರ. ನಾಲ್ಕು ದಿನ ಸಾಬೂನು ಹಾಕಿ ತಿಕ್ಕಿದರೂ ಬಲಗೈ ಹೆಬ್ಬೆರಳಿನ ಉಗುರಿನ ಕೆಳಗೆ ಕಪ್ಪನೆಯ ಒಂದು ಎಳೆ ಬಾಡಿಗೆ ಮನೆ ಬಿಡದವರಂತೆ ಕೂತಿತ್ತು. ಬಚ್ಚಲಿನ ನಲ್ಲಿಯ ಕೆಳಗೆ ಕೈ ಹಿಡಿದು, ಸವೆದ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜುತ್ತ ಅವಳಿಗೆ ತನ್ನ ಮೇಲೆ ತನಗೇ ನಗು ಬಂತು. ಆಫೀಸಿನವರಿಂದ ಈ ಕೆಸರನ್ನು ಅಡಗಿಸಬೇಕು, ಕೆಸರಿನ ಜೊತೆಗಾರರಿಂದ ಆಫೀಸನ್ನು ಅಡಗಿಸಬೇಕು. ಎರಡು ವರ್ಷದಿಂದ ಇದೇ ಆಯಿತು. ಐವತ್ತೊಂಬತ್ತರ ವಯಸ್ಸಿಗೆ ಇಂಥ ಕಳ್ಳಾಟ ಯಾರಿಗೆ ಬೇಕಿತ್ತು? ಗಂಡ ಬಾಗಿಲಿನಲ್ಲಿ ನಿಂತು ಪೇಪರಿನ ಮೇಲಿಂದ ಅವಳನ್ನೇ ನೋಡುತ್ತಿದ್ದ. ಪೇಪರು ಬರೀ ನೆಪ, ಅರ್ಧ ಗಂಟೆಯಿಂದ ಮೊದಲ ಪುಟವನ್ನೇ ತಿರುಗಿಸಿರಲಿಲ್ಲ. ಈ ಜಗತ್ತಿನಲ್ಲಿ ಏಳನೇ ಹಾಳೆಯ ವಿಷಯ ಗೊತ್ತಿದ್ದವರು ಮೂರೇ ಜನ; ಅವರಲ್ಲಿ ಅವನೊಬ್ಬ.

"ಇವತ್ತು ವಿಚಾರಣೆಗೆ ಹೋಗ್ದೇ ಇದ್ರೆ ಆಗಲ್ವಾ? ಹೊಟ್ಟೆನೋವು ಅಂತ ರಜೆ ಹಾಕು."

"ಹಾಳೆ ನನ್ನ ಕಪಾಟಲ್ಲಿದೆ. ಬೀಗದ ಕೈ ನನ್ನ ಹತ್ರ ಇದೆ."

"ಕೊಡು, ನಾನು ಹೋಗಿ ಕೊಟ್ಟು ಬರ್ತೀನಿ. ರಿಟೈರಾಗೋಕೆ ಇನ್ನು ಏಳು ತಿಂಗಳು ಕಣೇ. ಏಳು ತಿಂಗಳು ಬಾಯಿ ಮುಚ್ಕೊಂಡಿದ್ರೆ ಮರ್ಯಾದೆಯಾಗಿ ಮನೆಗೆ ಬರ್ತೀಯ. ಇರಲಾರದೆ ಇರುವೆ ಬಿಟ್ಕೋಬೇಡ."

ಬಾಯಿ ಮುಚ್ಚಿಕೊಂಡಿರುವುದನ್ನು ಅವಳಿಗೆ ಹೊಸದಾಗಿ ಕಲಿಸಬೇಕಿರಲಿಲ್ಲ. ಹದಿನಾಲ್ಕು ವರ್ಷ ಅದನ್ನೇ ಮಾಡಿದ್ದಳು. ಬೀಗದ ಕೈಯನ್ನು ಚೀಲದ ಒಳಜೇಬಿಗೆ ಹಾಕಿಕೊಂಡು, ಚಪ್ಪಲಿ ಮೆಟ್ಟಿ, ಗಂಡನ ಕೈಯಿಂದ ಪೇಪರು ತೆಗೆದು ನೆಟ್ಟಗೆ ತಿರುಗಿಸಿ ಕೊಟ್ಟಳು. ಅದು ತಲೆಕೆಳಗಾಗಿತ್ತು. ಪಾಪ, ಅವನು ಹೆದರಿದ್ದು ತನಗಾಗಿ ಅಲ್ಲ, ಅವಳಿಗಾಗಿ. ಅದು ಗೊತ್ತಿದ್ದುದರಿಂದಲೇ ಅವನ ಮೇಲೆ ಸಿಟ್ಟು ಹೆಚ್ಚು ಬಂತು.

ನಕಾಶೆ ಬರೆಯುವವರಿಗೆ ಒಂದು ಕ್ರಮವಿದೆ. ಕೆಳಗೆ ದೀಪ ಉರಿಯುವ ಗಾಜಿನ ಮೇಜಿನ ಮೇಲೆ ಹಳೆಯ ಹಾಳೆ, ಅದರ ಮೇಲೆ ಪಾರದರ್ಶಕ ಹೊಸ ಹಾಳೆ. ಮೊದಲು ಕಪ್ಪು: ಮನೆ, ಗೋಡೆ, ಸೇತುವೆ, ಗಡಿ. ಆಮೇಲೆ ಕೆಂಪು: ರಸ್ತೆ. ಕೊನೆಗೆ ನೀಲಿ, ನೀರಿಗೆ. ನೀಲಿ ಕೊನೆಗೇ ಯಾಕೆಂದರೆ ಆ ಶಾಯಿ ಬೇಗ ಒಣಗುವುದಿಲ್ಲ. ಅವಸರ ಮಾಡಿ ಸುತ್ತಿದರೆ ಇಡೀ ಹಾಳೆಗೆ ಬಳಿದುಕೊಳ್ಳುತ್ತದೆ. ಹೀಗೆಂದು ಅವಳಿಗೆ ಕಲಿಸಿದ ಮುದುಕ ಎಂದೋ ತೀರಿಕೊಂಡ. ಊರಿನ ಹನ್ನೆರಡು ಹಾಳೆಗಳನ್ನು ಹೊಸದಾಗಿ ಬರೆದ ಆ ವರ್ಷ ಅವಳು ಏಳನೆಯದಕ್ಕೆ ಕಪ್ಪು ಮುಗಿಸಿದ್ದಳು, ಕೆಂಪು ಮುಗಿಸಿದ್ದಳು, ನೀಲಿ ಪೆನ್ನಿನ ಮುಚ್ಚಳ ತೆಗೆದಿದ್ದಳು. ಆಗ ಹಿಂದಿನಿಂದ ಪರಿಶೀಲಕ ಬಂದ. ಅವಳಿಗಿಂತ ಎಂಟು ವರ್ಷ ಚಿಕ್ಕವನು, ಹೊಸದಾಗಿ ಸೇರಿದವನು, ನಗಿಸುವ ಚಟದವನು. ಆರನೇ ಹಾಳೆಯನ್ನು ದೀಪಕ್ಕೆ ಎತ್ತಿ ಹಿಡಿದು, ಎಲ್ಲರಿಗೂ ಕೇಳಿಸುವಂತೆ, "ಏನಮ್ಮಾ ಇದು, ನದಿನೋ ಎರೆಹುಳನೋ? ಹುಳ ಶಾಯೀಲಿ ಬಿದ್ದು ಹರಿದಾಡಿದ ಹಾಗಿದೆಯಲ್ಲ" ಅಂದ. ಒಂಬತ್ತು ಮೇಜುಗಳಿದ್ದ ಕೋಣೆ. ಒಂಬತ್ತು ಮೇಜೂ ನಕ್ಕವು. ಅವಳೂ ನಕ್ಕಳು, ನಗದೆ ಇನ್ನೇನು ಮಾಡುವುದು? ನಗುತ್ತಲೇ ನೀಲಿ ಪೆನ್ನಿನ ಮುಚ್ಚಳ ಹಾಕಿದಳು, ನಾಳೆ ಬೆಳಿಗ್ಗೆ ನೆಟ್ಟಗೆ ಎಳೆದರಾಯಿತು ಅಂದುಕೊಂಡಳು. ಬೆಳಿಗ್ಗೆ ಬರುವಷ್ಟರಲ್ಲಿ ಹನ್ನೆರಡು ಹಾಳೆಗಳೂ ಅಚ್ಚಿಗೆ ಹೋಗಿದ್ದವು. ಬಲಗಡೆ ಮೂಲೆಯ ಪೆಟ್ಟಿಗೆಯಲ್ಲಿ 'ಬರೆದವರು' ಎಂಬಲ್ಲಿ ಅವಳು ಮೊದಲೇ ಸಹಿ ಹಾಕಿಟ್ಟಿದ್ದಳು. 'ಪರಿಶೀಲಿಸಿದವರು' ಎಂಬಲ್ಲಿ ಅವನು, ನೋಡದೇ, ಉದ್ದಕ್ಕೆ ಸಹಿ ಎಳೆದಿದ್ದ.

ಮರೆತದ್ದಾಗಿದ್ದರೆ ಅವಳು ತನ್ನನ್ನು ಎಂದೋ ಕ್ಷಮಿಸಿಕೊಳ್ಳುತ್ತಿದ್ದಳು. ಬಸ್ ನಿಲ್ದಾಣ ದಾಟಿ, ಬೇಕರಿಯ ಮುಂದಿನ ಮೆಟ್ಟಿಲು ತೊಳೆಯುತ್ತಿದ್ದ ನೀರನ್ನು ತಪ್ಪಿಸಿ ನಡೆಯುತ್ತ ಅವಳು ಸಾವಿರದ ಒಂದನೇ ಸಲ ಆ ಲೆಕ್ಕ ಹಾಕಿದಳು. ಅಚ್ಚಿನ ಪ್ರತಿ ಮೂರು ತಿಂಗಳ ಮೇಲೆ ಬಂದಾಗ ಅವಳು ಏಳನೆಯದನ್ನೇ ಮೊದಲು ತೆರೆದು ನೋಡಿದ್ದಳು. ಆ ಭಾಗದ ಅಚ್ಚಿನ ಮನೆಯ ಹಿಂಗೋಡೆ ಇತ್ತು, ಸೈಕಲ್ ಅಂಗಡಿಗಳ ಸಾಲು ಇತ್ತು, ಬಯಲು ಇತ್ತು. ಬಯಲಿನ ನಟ್ಟನಡುವೆ ಎರಡು ಪುಟ್ಟ ಕಪ್ಪು ಗೆರೆಗಳ ಒಂದು ಸೇತುವೆ ಇತ್ತು. ಅದರ ಕೆಳಗೆ ಏನೂ ಇರಲಿಲ್ಲ. ಒಂದು ಮಾತು ಹೇಳಿದ್ದರೆ ಸಾಕಿತ್ತು. ಬಾಯಿ ತೆರೆದರೆ ಒಂಬತ್ತು ಮೇಜು ಮತ್ತೆ ನಗುತ್ತವೆ ಎಂದು ಅವಳು ಹಾಳೆ ಮಡಚಿದಳು. ಮಾರನೆಯ ವಾರ ಹೇಳೋಣವೆಂದು ವಾರ ಕಳೆಯಿತು, ಅವಳು ನೋಡಿ ಬರೆದ ಹಳೆಯ ಹಾಳೆಗಳನ್ನು ಗೋದಾಮಿನಲ್ಲಿ ಗೆದ್ದಲು ತಿಂದಿತು, ಪರಿಶೀಲಕ ಮುಖ್ಯಸ್ಥನಾದ, ಒಂಬತ್ತು ಮೇಜುಗಳು ಹೋಗಿ ಕಂಪ್ಯೂಟರುಗಳು ಬಂದವು, ಅವಳೊಬ್ಬಳು ಹಳೆಯ ಕಪಾಟಿನ ಕಾವಲಿಗೆ ಉಳಿದಳು. ಊರಿನ ತೊರೆಯೊಂದು ಅವಳ ಅಭಿಮಾನದ ಕೆಳಗೆ ಹದಿನಾಲ್ಕು ವರ್ಷ ಯಾರಿಗೂ ಕಾಣದೆ ಹರಿಯಿತು.

ಎರಡು ವರ್ಷದ ಹಿಂದೆ ಒಂದು ಭಾನುವಾರ ಅವಳು ಅಲ್ಲಿಗೆ ಹೋದದ್ದು ಒಳ್ಳೆಯ ಕೆಲಸ ಮಾಡಲಿಕ್ಕಲ್ಲ. ತೊರೆ ಬತ್ತಿಹೋಗಿದ್ದರೆ ಸಾಕಪ್ಪಾ ಎಂಬ ಆಸೆಯಿಂದ ನೋಡಲು ಹೋಗಿದ್ದಳು. ಬತ್ತಿರಲಿಲ್ಲ. ಪ್ಲಾಸ್ಟಿಕ್ಕು, ಹರಿದ ಹಾಸಿಗೆ, ಒಡೆದ ಕಮೋಡು, ಎಲ್ಲವನ್ನೂ ಸುತ್ತಿ ಬಳಸಿಕೊಂಡು ಸಣ್ಣಗೆ, ಹಟಮಾರಿಯಾಗಿ ಹರಿಯುತ್ತಿತ್ತು. ಮೊಣಕಾಲಿನವರೆಗೆ ಬೂಟು ಹಾಕಿದ ಏಳೆಂಟು ಜನ ಅದರೊಳಗೆ ಬಗ್ಗಿದ್ದರು. ಯಾರೂ ಅವರನ್ನು ನೇಮಿಸಿರಲಿಲ್ಲ, ಯಾರೂ ಬೇಡ ಅಂದಿರಲಿಲ್ಲ. ಅವರ ನಡುವೆ ನೀರಿಗೆ ಕೋಲು ಊರಿ ನಿಂತಿದ್ದ, ಬಿಳಿ ಕೂದಲಿನ ಹೆಂಗಸು ಅವಳ ಕೈಗೆ ಒಂದು ಗೋಣಿಚೀಲ ತುರುಕಿ, "ನಿಂತು ನೋಡೋಕೆ ಇದೇನು ಸಿನಿಮಾನಾ? ಬಾಯಿ ಅಗಲಿಸಿ ಹಿಡ್ಕೋ. ನಿನ್ನ ಬಾಯಲ್ಲ, ಚೀಲದ್ದು" ಅಂದಳು. ಆ ಹೆಂಗಸನ್ನು ನರ್ಸಕ್ಕ ಅಂತ ಎಲ್ಲರೂ ಕರೆಯುತ್ತಿದ್ದರು. ಮೂವತ್ತು ವರ್ಷ ಆಸ್ಪತ್ರೆಯಲ್ಲಿ ದುಡಿದು ನಿವೃತ್ತಳಾದವಳು. ತೊರೆಯನ್ನು ಅವಳು ವಾರ್ಡಿನ ರೋಗಿಯ ಹಾಗೆ ನೋಡಿಕೊಳ್ಳುತ್ತಿದ್ದಳು. ಪ್ರತಿ ಭಾನುವಾರ ಏಳು ಗಂಟೆಗೆ ಸೇತುವೆಯ ಕೆಳಗೆ ಕೋಲು ಇಳಿಸಿ ಆಳ ನೋಡುವುದು, ಅದನ್ನು ಆಸ್ಪತ್ರೆಯಿಂದ ತಂದ, ರೋಗಿಯ ಜ್ವರದ ಏರಿಳಿತವನ್ನು ಗೆರೆ ಎಳೆದು ತೋರಿಸುವ ಹಳೆಯ ಜ್ವರದ ಪಟ್ಟಿಯ ಮೇಲೆ ಗುರುತು ಹಾಕುವುದು. ಕಪ್ಪೆ ಕೂಗಿದರೆ ಒಂದು ಚುಕ್ಕೆ, ಮಿಂಚುಳ್ಳಿ ಬಂದರೆ ಒಂದು ನಕ್ಷತ್ರ. ಒಂದು ದಿನ ನರ್ಸಕ್ಕ ಅವಳು ಎಳೆದ ಗೆರೆ ನೋಡಿ, "ಅಯ್ಯೋ, ಏನು ಮುದ್ದಾಗಿ ಎಳೀತೀಯೇ ಗೆರೆನ! ಇನ್ನು ಮೇಲೆ ಪಟ್ಟಿ ನಿನ್ನದೇ ಕಣಮ್ಮ, ಗೆರೆಯಮ್ಮ" ಅಂದಳು. ಆ ಹೆಸರೇ ನಿಂತಿತು. ಎಲ್ಲಿ ಕೆಲಸ ಎಂದು ಕೇಳಿದವರಿಗೆ ಅವಳು "ಒಂದು ಆಫೀಸಲ್ಲಿ" ಎಂದು ಅಡ್ಡಗೋಡೆಯ ಮೇಲೆ ದೀಪ ಇಟ್ಟಳು. ನಕಾಶೆಗೆ ಎಳೆಯದೆ ಬಿಟ್ಟ ತೊರೆಯ ಗೆರೆಯನ್ನು, ಅದೇ ನೀಲಿ ಶಾಯಿಯಿಂದ, ವಾರಕ್ಕೊಂದು ಬೆರಳಿನಷ್ಟು, ಜ್ವರದ ಪಟ್ಟಿಯ ಮೇಲೆ ಎಳೆಯುತ್ತ ಬಂದಳು. ಇದರಿಂದ ಪಾಪ ಕಳೆಯುತ್ತದೆಂದು ಅವಳು ನಂಬಿರಲಿಲ್ಲ. ಆದರೆ ಭಾನುವಾರಗಳಲ್ಲಿ ಮಾತ್ರ ಅವಳಿಗೆ ನಿದ್ದೆ ಚೆನ್ನಾಗಿ ಬರುತ್ತಿತ್ತು.

ಹೋದ ತಿಂಗಳು ಅಚ್ಚಿನ ಮನೆಯ ಗೋಡೆಗೆ ನೋಟೀಸು ಅಂಟಿಸಿದರು. ಬಯಲನ್ನು ಸಮ ಮಾಡಿ ಸರಕು ಲಾರಿಗಳ ನಿಲ್ದಾಣ. ಆಕ್ಷೇಪಣೆ ಇದ್ದವರು ವಿಚಾರಣೆಗೆ ಬನ್ನಿ. ತೊರೆಯ ಗತಿ ಏನು ಎಂದು ಸೈಕಲ್ ರಿಪೇರಿಯವ ಆಫೀಸಿಗೆ ಹೋಗಿ ಕೇಳಿ ಬಂದ. ಅವನು ತೊರೆಯ ಪಕ್ಕದಲ್ಲೇ ಅಂಗಡಿ ಇಟ್ಟವನು, ಪಂಕ್ಚರು ಹುಡುಕಲು ಟ್ಯೂಬನ್ನು ಅದರಲ್ಲೇ ಮುಳುಗಿಸುವವನು. "ಅಲ್ಲಿ ತೊರೆನೇ ಇಲ್ವಂತೆ ಅಕ್ಕ. ನಕಾಶೆ ತೋರಿಸಿದ್ರು. ನಾನೂ ನೋಡ್ದೆ, ಇಲ್ಲ. ಮಳೆ ನೀರು ನಿಂತ್ಕೊಳುತ್ತೆ ಅಷ್ಟೇ ಅಂದ್ರು." ನರ್ಸಕ್ಕ ನೀರಿನಲ್ಲಿ ನಿಂತೇ ತನ್ನ ಬೂಟಿನ ಸುತ್ತ ಸುಳಿಯುತ್ತಿದ್ದ ಹರಿವನ್ನು ನೋಡಿದಳು. "ಹಾಗಾದ್ರೆ ನನ್ನ ಕಾಲು ಒದ್ದೆ ಆಗಿರೋದೂ ಸುಳ್ಳಾ? ಯಾವ ಪುಣ್ಯಾತ್ಮ ಬರೆದನೋ ಆ ನಕಾಶೆನ, ಒಂದು ಸಲ ಸಿಗ್ಬೇಕು ನನ್ನ ಕೈಗೆ. ದಪ್ಪ ಸೂಜಿನೇ ಚುಚ್ತೀನಿ." ಎಲ್ಲರೂ ನಕ್ಕರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಅವಳು ಹೆಗಲು ಮುಟ್ಟಿಕೊಳ್ಳಲಿಲ್ಲ, ಬಗ್ಗಿ ಜೊಂಡಿನ ಬುಡದಿಂದ ಒಂದು ಚೀಲದ ತುಂಡನ್ನು ಎಳೆಯತೊಡಗಿದಳು, ಬರದಿದ್ದರೂ ಎಳೆಯುತ್ತಲೇ ಇದ್ದಳು.

ಇವತ್ತು ಆಫೀಸಿಗೆ ಬಂದ ಕೂಡಲೇ ಮುಖ್ಯಸ್ಥ ಅವಳನ್ನು ತನ್ನ ಕೋಣೆಗೆ ಕರೆಸಿ, ಅಪರೂಪಕ್ಕೆ, ಕೂತುಕೊಳ್ಳಲು ಹೇಳಿದ. ಹದಿನಾಲ್ಕು ವರ್ಷದಲ್ಲಿ ಅವನಿಗೆ ಹೊಟ್ಟೆ ಬಂದಿತ್ತು, ನಗಿಸುವ ಚಟ ಹೋಗಿತ್ತು. ಅವನಿಗೂ ಗೊತ್ತಿತ್ತು. ಯಾವಾಗ ಗೊತ್ತಾಯಿತೋ ಅವನು ಹೇಳಿರಲಿಲ್ಲ, ಅವಳು ಕೇಳಿರಲಿಲ್ಲ. ಸೇತುವೆ ಅವನ ಕಣ್ಣಿಗೂ ಬಿದ್ದಿರಬೇಕು.

"ಹಾಳೆ ತಂದು ಹಲಗೆಗೆ ಚುಚ್ಚಿ ಪಕ್ಕದಲ್ಲಿ ನಿಂತ್ಕೊಳ್ಳಿ. ವಿಚಾರಣೆಯವರು ಕೇಳಿದ್ರೆ 'ಹೌದು, ನಾನೇ ಬರೆದಿದ್ದು' ಅನ್ನಿ. ಅಷ್ಟೇ ಸಾಕು. ಸುಳ್ಳೇನೂ ಹೇಳ್ಬೇಕಾಗಿಲ್ಲ."

"ಸಾರ್, ಅಲ್ಲಿ ನೀರಿದೆ."

"ಇರಬಹುದಮ್ಮಾ. ನಕಾಶೇಲಿ ಇಲ್ಲ. ನೋಡಿ, ಒಂದೇ ಪೆಟ್ಟಿಗೇಲಿ ಇಬ್ರ ಸಹಿ ಇದೆ. ಮುಳುಗಿದ್ರೆ ಇಬ್ರೂ ಮುಳುಗ್ತೀವಿ." ಅವನು ಮೇಜಿನ ಮೇಲಿನ ಗಾಜಿನ ಗುಂಡನ್ನು ಒಂದು ಕೈಯಿಂದ ಇನ್ನೊಂದಕ್ಕೆ ಉರುಳಿಸಿದ. "ನಿಮ್ಮ ಬೀಳ್ಕೊಡುಗೆಗೆ ನಾನೇ ಮಾತಾಡ್ತೀನಿ. ಚೆನ್ನಾಗಿ ಮಾತಾಡ್ತೀನಿ."

ಅವನು ಬೆದರಿಸಿದ್ದರೆ ಅವಳು ಹೆದರುತ್ತಿದ್ದಳೇನೋ. ಆದರೆ ಅವನ ದನಿಯಲ್ಲಿದ್ದದ್ದು ಗಂಡನ ದನಿಯಲ್ಲಿದ್ದದ್ದೇ. ತನ್ನ ಮರ್ಯಾದೆಯ ಮೇಲೆ ಎಲ್ಲರಿಗೂ ಎಷ್ಟು ಕಾಳಜಿ! ಹಳೆಯ ಕಪಾಟು ತೆರೆದಾಗ ಕರ್ಪೂರದಂಥ, ಹಳೆಯ ಕಾಗದದ ವಾಸನೆ ಮುಖಕ್ಕೆ ಬಂತು. ಏಳನೇ ಹಾಳೆ ಸುರುಳಿಯಾಗಿ, ತೋಳಿನಷ್ಟು ದಪ್ಪಗೆ, ತಣ್ಣಗೆ ಕೂತಿತ್ತು. ಕಪಾಟಿನ ಒಳಬಾಗಿಲಿಗೆ ಹಿಂದಿನ ಕಾಲದ ಸೂಚನೆಗಳ ಹಾಳೆ ಇನ್ನೂ ಅಂಟಿಕೊಂಡಿತ್ತು. ಒಂಬತ್ತನೆಯದನ್ನು ಅವಳು ಓದಬೇಕಾಗಿರಲಿಲ್ಲ, ಬಾಯಿಪಾಠವಿತ್ತು. ತಪ್ಪನ್ನು ತಿದ್ದುವವರು ಬರೆದವರೇ ಆಗಿರತಕ್ಕದ್ದು. ಅದೇ ಬಣ್ಣದ ಶಾಯಿಯಲ್ಲಿ ತಿದ್ದಿ, ಪಕ್ಕದಲ್ಲಿ ಸಹಿ ಮತ್ತು ದಿನಾಂಕ ಹಾಕತಕ್ಕದ್ದು. ಕಂಪ್ಯೂಟರು ಬಂದ ಮೇಲೂ ಆ ಸೂಚನೆಯನ್ನು ಯಾರೂ ರದ್ದು ಮಾಡಿರಲಿಲ್ಲ, ಬಹುಶಃ ಅದು ಅಲ್ಲಿದೆ ಎಂಬುದನ್ನೇ ಮರೆತಿದ್ದರು. ಅವಳು ಹಾಳೆಯನ್ನು ಕಂಕುಳಲ್ಲಿ ಇಟ್ಟುಕೊಂಡಳು. ಮೇಜಿನ ಖಾನೆಯಿಂದ ನೀಲಿ ಪೆನ್ನನ್ನೂ ತೆಗೆದುಕೊಂಡಳು. ಯಾಕೆಂದು ತನಗೆ ಗೊತ್ತಿಲ್ಲ ಎಂದು ಹೇಳಿಕೊಂಡಳು, ಗೊತ್ತಿತ್ತು.

ಸಭೆಯ ಕೋಣೆಯಲ್ಲಿ ಫ್ಯಾನು ಕಟಕಟ ಅನ್ನುತ್ತಿತ್ತು. ವಿಚಾರಣೆಗೆಂದು ಮೇಲಿನ ಕಚೇರಿಯಿಂದ ಬಂದಿದ್ದ ಅಧಿಕಾರಿ ವಯಸ್ಸಾದವರು, ಎರಡು ಕನ್ನಡಕಗಳನ್ನು ಅದಲುಬದಲು ಮಾಡುತ್ತ ಕೂತಿದ್ದರು. ಅವಳು ಹಾಳೆಯನ್ನು ಹಲಗೆಗೆ ಚುಚ್ಚಿ, ಪಕ್ಕದಲ್ಲಿ ಗೋಡೆಗೆ ಒತ್ತಿ ನಿಂತಳು. ಬಾಗಿಲು ತೆರೆದು ನರ್ಸಕ್ಕ ಬಂದಳು, ಹಿಂದೆ ಸೈಕಲ್ ರಿಪೇರಿಯವ, ಅವನ ಹಿಂದೆ ಇನ್ನು ಐದು ಜನ. ಎಲ್ಲರೂ ಇಸ್ತ್ರಿ ಮಾಡಿದ ಬಟ್ಟೆಯಲ್ಲಿದ್ದರು. ಕೆಸರಿಲ್ಲದ ಅವರನ್ನು ಅವಳು ನೋಡಿದ್ದು ಇದೇ ಮೊದಲು. ನರ್ಸಕ್ಕನ ಕಂಕುಳಲ್ಲಿ ಜ್ವರದ ಪಟ್ಟಿಗಳ ಕಟ್ಟಿತ್ತು. ಅವಳನ್ನು ಕಂಡು ನರ್ಸಕ್ಕನ ಮುಖ ಅರಳಿತು. "ಅರೆ, ಗೆರೆಯಮ್ಮ! ನೀನೂ ರಜೆ ಹಾಕಿ ಬಂದ್ಯಾ? ಬಾ ಇಲ್ಲಿ, ನಮ್ಮ ಪಕ್ಕ ಕೂತ್ಕೋ" ಎಂದು ಕುರ್ಚಿಯ ಮೇಲಿನ ತನ್ನ ಚೀಲ ತೆಗೆದು ಜಾಗ ಮಾಡಿದಳು. ಅವಳು ಅಲ್ಲಾಡಲಿಲ್ಲ. ಖಾಲಿ ಕುರ್ಚಿ ಹಾಗೇ ಉಳಿಯಿತು. ಹದಿನಾಲ್ಕು ವರ್ಷದ ಹಿಂದಿನ ಒಂಬತ್ತು ಮೇಜಿನ ನಗುವಿಗಿಂತ ಆ ಖಾಲಿ ಕುರ್ಚಿ ಅವಳನ್ನು ಹೆಚ್ಚು ಸುಟ್ಟಿತು.

ಮುಖ್ಯಸ್ಥ ಚೆನ್ನಾಗಿಯೇ ಮಾತಾಡಿದ. ಸ್ವಯಂಸೇವಕರ ಉತ್ಸಾಹದ ಬಗ್ಗೆ ಗೌರವವಿದೆ, ಆದರೆ ಇಲ್ಲದ ತೊರೆಯನ್ನು ಕಾಪಾಡುವುದು ಹೇಗೆ? ನರ್ಸಕ್ಕ ಎದ್ದು ಪಟ್ಟಿಗಳನ್ನು ಹರಡಿದಳು. ನೂರಾ ಎಂಟು ಭಾನುವಾರ. ಬೇಸಿಗೆಯಲ್ಲಿ ಎರಡು ಗೇಣು, ಮಳೆಯಲ್ಲಿ ಸೊಂಟದವರೆಗೆ, ಒಂದು ದಿನವೂ ಸೊನ್ನೆ ಇಲ್ಲ. ಅಧಿಕಾರಿ ಕನ್ನಡಕ ಬದಲಿಸಿ ನೋಡಿ, "ನೀಟಾಗಿದೆ. ಆದ್ರೆ ಇದು ನೀವು ಬರೆದಿದ್ದು. ನನಗೆ ಬೇಕಾಗಿರೋದು ಸರ್ಕಾರದ ಹಾಳೆ" ಅಂದರು. ಮುಖ್ಯಸ್ಥ ಹಲಗೆಯ ಕಡೆ ಕೈ ತೋರಿಸಿದ. "ಮೂಲ ಹಾಳೆ ಇಲ್ಲೇ ಇದೆ. ಬರೆದವರೂ ಇಲ್ಲೇ ಇದಾರೆ. ಕೇಳ್ಬಹುದು."

ಏಳು ಮುಖಗಳು ಒಟ್ಟಿಗೆ ಅವಳ ಕಡೆ ತಿರುಗಿದವು. ಸೈಕಲ್ ರಿಪೇರಿಯವನ ಬಾಯಿ ತೆರೆದೇ ಇತ್ತು. ನರ್ಸಕ್ಕ ಮಾತ್ರ ನಿಧಾನವಾಗಿ ಕೆಳಗೆ ನೋಡಿದಳು, ಜ್ವರದ ಪಟ್ಟಿಯ ನೀಲಿ ಗೆರೆಯನ್ನು, ಮತ್ತೆ ತಲೆ ಎತ್ತಿ ಅವಳನ್ನು.

"ಇದನ್ನ ನೀವೇ ಬರೆದಿದ್ದಾ?" ಅಧಿಕಾರಿ ಕೇಳಿದರು.

"ಹೌದು ಸಾರ್, ನಾನೇ ಬರೆದಿದ್ದು." ಅಷ್ಟೇ ಸಾಕು ಎಂದಿದ್ದ ಮುಖ್ಯಸ್ಥ. ಅಷ್ಟಕ್ಕೇ ನಿಲ್ಲಿಸಿದರೆ ಏಳು ತಿಂಗಳ ಮೇಲೆ ಇವನು ಭಾಷಣ ಮಾಡುತ್ತಾನೆ. ಆಮೇಲೆ ಪ್ರತಿ ಭಾನುವಾರ ಬೆಳಿಗ್ಗೆ ಏಳು ಗಂಟೆ ಆಗುತ್ತದೆ, ಆಗದೆ ಬಿಡುವುದಿಲ್ಲ. ಅವಳಿಗೆ ಇದ್ದಕ್ಕಿದ್ದ ಹಾಗೆ ಕೋಪ ಬಂತು. ಮುಖ್ಯಸ್ಥನ ಮೇಲಲ್ಲ, ಹಾಳೆ ಮಡಚಿದ ಆ ನಲವತ್ತೈದರ ಹೆಂಗಸಿನ ಮೇಲೆ, ಅವಳ ನಾಜೂಕಿನ ಮೇಲೆ, ನಕ್ಕರೆ ಸತ್ತೇ ಹೋಗುತ್ತೇನೆ ಅಂದುಕೊಂಡಿದ್ದ ಆ ದಡ್ಡತನದ ಮೇಲೆ. "ಬರೆದಿದ್ದು ಮುಗಿದಿಲ್ಲ ಸಾರ್" ಅಂದಳು. ದನಿ ಅಂದುಕೊಂಡದ್ದಕ್ಕಿಂತ ಜೋರಾಗಿ ಬಂತು. "ಹದಿನಾಲ್ಕು ವರ್ಷದಿಂದ ಮುಗಿದಿಲ್ಲ."

"ಏನಮ್ಮಾ..." ಮುಖ್ಯಸ್ಥ ಎದ್ದ.

"ಈ ಸೇತುವೆ ನೋಡಿ ಸಾರ್. ಬಯಲಿನ ಮಧ್ಯ ಸೇತುವೆ ಇದೆ. ಇದು ಯಾವುದರ ಮೇಲಿದೆ? ಗಾಳಿ ದಾಟೋಕೆ ಯಾರಾದ್ರೂ ಸೇತುವೆ ಕಟ್ತಾರಾ?"

ಅಧಿಕಾರಿ ಹಾಳೆಯನ್ನು ಮೇಜಿನ ಮೇಲೆ ಹಾಸಲು ಹೇಳಿದರು. ಒಂದು ಕನ್ನಡಕ ಹಾಕಿದರು, ತೆಗೆದರು, ಇನ್ನೊಂದು ಹಾಕಿದರು. ಮೂಗು ಕಾಗದಕ್ಕೆ ತಾಗುವಷ್ಟು ಬಗ್ಗಿದರು. "ಅದು ಕಾಲುದಾರಿ ಗುರುತು" ಎಂದ ಮುಖ್ಯಸ್ಥನಿಗೆ, "ನಾನೂ ಮೂವತ್ತು ವರ್ಷ ಹಾಳೆ ನೋಡಿದ್ದೀನಪ್ಪ, ಸೇತುವೆ ಗುರುತು ನನಗೆ ಗೊತ್ತು" ಅಂದರು. ಅವಳು ಹೇಳತೊಡಗಿದಳು. ನೀಲಿ ಕೊನೆಗೆ ಎಂಬುದನ್ನು, ಮುಚ್ಚಳ ಹಾಕಿದ್ದನ್ನು, ಅಚ್ಚಾದ ಮೇಲೆ ಕಂಡದ್ದನ್ನು, ಕಂಡೂ ಸುಮ್ಮನಿದ್ದುದನ್ನು. ಎರೆಹುಳದ ಮಾತನ್ನು ಮಾತ್ರ ಹೇಳಲಿಲ್ಲ. ಅದನ್ನು ಹೇಳಿದರೆ ತಪ್ಪು ಅರ್ಧ ಅವನದಾಗುತ್ತದೆ. ಅವಳಿಗೆ ಪೂರ್ತಿ ಬೇಕಾಗಿತ್ತು.

"ಗೊತ್ತಿದ್ದೂ ಸುಮ್ನಿದ್ರಿ ಅಂತ ನಾನು ಬರ್ಕೊಂಡ್ರೆ ನಿಮ್ಮ ಮೇಲೆ ಕ್ರಮ ಆಗುತ್ತೆ. ಗೊತ್ತಲ್ವಾ?"

"ಬರ್ಕೊಳ್ಳಿ ಸಾರ್. ದೊಡ್ಡಕ್ಷರದಲ್ಲಿ ಬರ್ಕೊಳ್ಳಿ." ಅವಳು ಆಗಲೇ ಪೆನ್ನಿನ ಮುಚ್ಚಳ ತೆಗೆದಿದ್ದಳು. "ಒಂಬತ್ತನೇ ಸೂಚನೆ. ಬರೆದವರೇ ತಿದ್ದಬೇಕು, ಅದೇ ಶಾಯೀಲಿ."

ಮುಖ್ಯಸ್ಥ "ಮುಟ್ಬೇಡಿ!" ಎಂದು ಕೂಗಿದ. ಅಧಿಕಾರಿ ಕೈ ಎತ್ತಿದರು; ನಿಲ್ಲಿಸಲೋ, ನಿಲ್ಲಿಸಬೇಡ ಎನ್ನಲೋ, ಆ ಕ್ಷಣ ಯಾರಿಗೂ ಸ್ಪಷ್ಟವಾಗಲಿಲ್ಲ, ಅವಳು ಕಾಯಲೂ ಇಲ್ಲ. ಹದಿನಾಲ್ಕು ವರ್ಷ ಸುತ್ತಿಟ್ಟ ಹಾಳೆ ಅಂಚಿನಿಂದ ಮತ್ತೆ ಸುರುಳಿಯಾಗಲು ನೋಡುತ್ತಿತ್ತು. ಎಡಗೈಯಿಂದ ಒಂದು ಮೂಲೆ ಒತ್ತಿ ಹಿಡಿದು ಅಚ್ಚಿನ ಮನೆಯ ಹಿಂಗೋಡೆಯಿಂದ ಶುರು ಮಾಡಿದಳು. ಹಳೆಯ ಹಾಳೆಯ ನೆನಪಿನಿಂದಲ್ಲ, ಕಾಲಿನ ನೆನಪಿನಿಂದ. ಇಲ್ಲಿ ಬೂಟು ಹೂತುಹೋಗುವ ಕೆಸರು, ಇಲ್ಲಿ ಅತ್ತಿಮರದ ಬೇರಿಗೆ ಹೆದರಿ ನೀರು ಎಡಕ್ಕೆ ಹೊರಳುತ್ತದೆ, ಇಲ್ಲಿ ಕಮೋಡು ಎತ್ತಿದ ಗುಂಡಿ, ಇಲ್ಲಿ ಜೊಂಡು, ಇಲ್ಲಿ ಸೈಕಲ್ ಅಂಗಡಿಯವನ ಟ್ಯೂಬು. ಗೆರೆ ಕೊಂಕಿತು, ಸುತ್ತಿತು. ಸೇತುವೆಯ ಎರಡು ಕಪ್ಪು ಗೆರೆಗಳ ನಡುವೆ ನೀಲಿ ನುಗ್ಗಿದಾಗ ಸೈಕಲ್ ರಿಪೇರಿಯವ ಸಣ್ಣಗೆ "ಹಾಂ" ಅಂದ. ಹಾಳೆಯ ಅಂಚಿನವರೆಗೂ ಎಳೆದು, ಪಕ್ಕದಲ್ಲಿ ಸಹಿ ಹಾಕಿ, ಇವತ್ತಿನ ದಿನಾಂಕ ಬರೆದಳು.

"ಇದು ನದಿಯೇನಮ್ಮಾ?" ಮುಖ್ಯಸ್ಥ ಬೆವರಿದ್ದ. ಹಳೆಯ ದನಿ ಹುಡುಕಿ ಹೊರತೆಗೆದಿದ್ದ. "ಹುಳ ಹರಿದಾಡಿದ ಹಾಗಿದೆ."

"ನೀರು ಹಾಗೇ ಹೋಗೋದು ಸಾರ್. ನೆಟ್ಟಗೆ ಹೋಗೋದು ಚರಂಡಿ."

ಈ ಸಲ ಯಾರು ನಕ್ಕರೋ, ನಕ್ಕರೋ ಇಲ್ಲವೋ, ಅವಳು ನೋಡಲಿಲ್ಲ. ಅಧಿಕಾರಿ ತಮ್ಮ ಗುಮಾಸ್ತನಿಗೆ ಬರೆದುಕೊಳ್ಳಲು ಹೇಳುತ್ತಿದ್ದರು: ಮೂಲ ಹಾಳೆಯಲ್ಲಿ ಸೇತುವೆ ಇರುವುದು ಕಂಡುಬಂದಿದೆ, ಬರೆದವರು ತಪ್ಪೊಪ್ಪಿ ತಿದ್ದಿದ್ದಾರೆ, ಸ್ಥಳ ತನಿಖೆಯಾಗುವವರೆಗೆ ಬಯಲಿಗೆ ಒಂದು ಬುಟ್ಟಿ ಮಣ್ಣೂ ಹಾಕಕೂಡದು, ಬರೆದವರ ಮೇಲೆ ಇಲಾಖೆಯ ವಿಚಾರಣೆ ಆಗತಕ್ಕದ್ದು, ಪರಿಶೀಲಿಸಿದವರ ಮೇಲೂ. ಕೊನೆಯ ಮಾತಿಗೆ ಮುಖ್ಯಸ್ಥ ಹಾಳೆಯ ಕಡೆ ಧಾವಿಸಿದ. "ಸುತ್ತಿ ಕೊಡಿ ಅದನ್ನ. ಸುತ್ತಿ ಅಂದ್ನಲ್ಲ! ಈಗ್ಲೇ!"

"ಆಗಲ್ಲ ಸಾರ್." ಅವಳು ಒದ್ದೆ ಗೆರೆಯ ಮೇಲೆ ತೋಳು ಅಡ್ಡ ಚಾಚಿದಳು. "ನೀಲಿ ಒಣಗೋಕೆ ಹೊತ್ತು ಹಿಡಿಯುತ್ತೆ."

ಅವಳ ಎರಡು ಕೈಗೆ ಸಿಗದ ಬಲಗಡೆಯ ಮೂಲೆ ಆಗಲೇ ಏಳತೊಡಗಿತ್ತು, ಸುರುಳಿ ಗೆರೆಯ ಕಡೆಗೆ ಬರುತ್ತಿತ್ತು. ಮೇಜಿನ ಆ ಬದಿಗೆ ನರ್ಸಕ್ಕ ಬಂದು ನಿಂತಳು. ಅವಳ ಕಣ್ಣಲ್ಲಿ ಕ್ಷಮೆ ಇರಲಿಲ್ಲ, ಇರಬೇಕಾಗಿಯೂ ಇರಲಿಲ್ಲ. "ಎರಡು ವರ್ಷ," ಅಂದಳು, ಅವಳೊಬ್ಬಳಿಗೇ ಕೇಳಿಸುವಷ್ಟು ತಗ್ಗಿದ ದನಿಯಲ್ಲಿ. "ಎರಡು ವರ್ಷ ನನ್ನ ಪಕ್ಕ ಕೂತು ಚಹಾ ಕುಡಿದೆಯಲ್ಲೇ. ಸೂಜಿ ಚುಚ್ಚೋದು ಬಾಕಿ ಇದೆ, ಮರೀಬೇಡ." ಆಮೇಲೆ ತನ್ನ ಅಗಲವಾದ ಅಂಗೈಯನ್ನು, ರೋಗಿಯನ್ನು ಹಾಸಿಗೆಗೆ ಒತ್ತಿ ಹಿಡಿಯುವ ಹಾಗೆ, ಹಾಳೆಯ ಏಳುತ್ತಿದ್ದ ಮೂಲೆಯ ಮೇಲೆ ಇಟ್ಟು ಬಲವಾಗಿ ಒತ್ತಿದಳು. ಆ ಕೈಯ ಉಗುರುಗಳ ಸಂದಿಯಲ್ಲೂ ಭಾನುವಾರದ ಕೆಸರಿತ್ತು. "ಎಷ್ಟು ಹೊತ್ತು ಬೇಕು?"

"ಅರ್ಧ ಗಂಟೆ."

"ಸರಿ" ಎಂದು ನರ್ಸಕ್ಕ ಕಾಲಿನಿಂದ ಕುರ್ಚಿ ಎಳೆದು ಕೂತಳು, ಕೈ ತೆಗೆಯಲಿಲ್ಲ.